ಕ್ಷಮೆ ಸಿಕ್ಕ ಮೇಲೂ ಉಳಿಯುವ ಹಳಹಳಿ

ತಪ್ಪನ್ನು ಒಪ್ಪಿಕೊಂಡು ದೇವರ ಕಡೆ ತಿರುಗಿದವನಿಗೆ ಕ್ಷಮೆಯುಂಟು ಎಂದು ಕ್ರೈಸ್ತರ ಎಲ್ಲ ಪಂಗಡಗಳೂ ಬೋಧಿಸುತ್ತವೆ. ಹಾಗೆಂದು ಮನಸಾರೆ ನಂಬಿದವರೇ ಎಷ್ಟೋ ರಾತ್ರಿ ನಿದ್ದೆಗೆಟ್ಟು ಹೊರಳಾಡಿದ್ದಾರೆ. ಕ್ಷಮೆ ಸಿಕ್ಕ ಮೇಲೂ ಮನಸ್ಸು ಏಕೆ ಕೊರೆಯುತ್ತದೆ? ಅದು ನಂಬಿಕೆಯ ಕೊರತೆಯೋ, ಆ ನಂಬಿಕೆಯೇ ಮಾಡಿಸುತ್ತಿರುವ ಕೆಲಸವೋ? ಕ್ರೈಸ್ತ ಚಿಂತಕರು ಎರಡು ಸಾವಿರ ವರ್ಷಗಳಿಂದ ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಅವರ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದೂ ಇಲ್ಲ.

ಈ ಚರ್ಚೆಯಲ್ಲಿ ಎರಡು ಬೇನೆಗಳು ಬೆರೆತುಹೋಗಿವೆ. ಮಾಡಿದ ಒಂದು ಕೆಲಸವನ್ನೋ ಮಾಡದೆ ಬಿಟ್ಟ ಕೆಲಸವನ್ನೋ ನೆನೆದು ಹಳಹಳಿಸುವುದು ಒಂದು. ತಾನು ಎಂಥವನು, ದೇವರಿಗೆ ಬೇಕಾದವನೋ ಬೇಡವಾದವನೋ ಎಂಬ ಅಳುಕು ಇನ್ನೊಂದು. ಮೊದಲನೆಯದಕ್ಕೆ ಒಂದು ದಿನ, ಒಂದು ಜಾಗ, ನೊಂದ ಒಬ್ಬ ಮನುಷ್ಯ ಇರುತ್ತಾರೆ. ಎರಡನೆಯದಕ್ಕೆ ಅವ್ಯಾವುವೂ ಇಲ್ಲ, ಅದು ತನ್ನನ್ನೇ ಮೇಯುತ್ತ ಬೆಳೆಯುತ್ತದೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟಾಗಲೆಲ್ಲ ನೋವು ಹೆಚ್ಚಿದೆ ಎಂಬುದು ಈ ಇತಿಹಾಸವನ್ನು ಓದಿ ನಾನು ಬಂದಿರುವ ತೀರ್ಮಾನ.

ಯೂದ ಮತ್ತು ಪೇತ್ರ

ಯೇಸುವನ್ನು ಹಿಡಿದ ರಾತ್ರಿ ಇಬ್ಬರು ಶಿಷ್ಯರು ಎಡವಿದರು. ಯೂದ ಹಿಡಿದುಕೊಟ್ಟ, ಪೇತ್ರ ಅವನನ್ನು ತಾನರಿಯೆ ಎಂದು ಮೂರು ಸಲ ಹೇಳಿದ. ಪೇತ್ರ ನಿಜವಾಗಿ ಪಶ್ಚಾತ್ತಾಪಪಟ್ಟ, ಯೂದ ಪಡಲಿಲ್ಲ ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಈ ಮಾತು ನಿಲ್ಲುವುದಿಲ್ಲ. ಯೂದ ಮನಮರುಗಿದ, ನಿರಪರಾಧಿಯನ್ನು ಹಿಡಿದುಕೊಟ್ಟೆನೆಂದು ಬಾಯಿಬಿಟ್ಟು ಹೇಳಿದ, ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಕೊಡಲು ಹೋದ. ಮರುಕ, ತಪ್ಪೊಪ್ಪಿಗೆ, ಹಿಂತಿರುಗಿಸುವಿಕೆ ಮೂರೂ ಅಲ್ಲಿವೆ. ಆದರೆ ಅವನು ಹೋದದ್ದು ತನ್ನಿಂದ ಕೆಲಸ ಮಾಡಿಸಿಕೊಂಡ ಯಾಜಕರ ಬಳಿಗೆ. ಅದರಿಂದ ತಮಗೇನೆಂದು ಅವರು ಕೈಬಿಟ್ಟರು. ಅವನು ಒಬ್ಬಂಟಿಯಾಗಿ ಹೋಗಿ ಪ್ರಾಣ ಕಳೆದುಕೊಂಡ. ಪೇತ್ರ ಬಿಕ್ಕಿ ಬಿಕ್ಕಿ ಅತ್ತನೇ ಹೊರತು ಜೊತೆಗಾರರನ್ನು ಬಿಟ್ಟು ಹೋಗಲಿಲ್ಲ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಕೆರೆಯ ದಡದ ಕೆಂಡದ ಬೆಂಕಿಯ ಬಳಿ ಯೇಸು ಅವನನ್ನು ಮೂರು ಸಲ ಒಂದೇ ಪ್ರಶ್ನೆ ಕೇಳುತ್ತಾನೆ, ಮೂರು ಸಲವೂ ಒಂದು ಕೆಲಸ ಒಪ್ಪಿಸುತ್ತಾನೆ. ಪೇತ್ರ ಸುಳ್ಳಾಡಿದ್ದೂ ಮಹಾಯಾಜಕನ ಅಂಗಳದ ಕೆಂಡದ ಬೆಂಕಿಯ ಬಳಿಯೇ. ಯೇಸು ಹಳೆಯ ಗಾಯವನ್ನು ಮುಟ್ಟದೆ ಬಿಡಲಿಲ್ಲ, ಮುಟ್ಟಿದ ಮೇಲೆ ಅವನನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ. ಇಬ್ಬರ ನಡುವಿನ ವ್ಯತ್ಯಾಸ ದುಃಖದ ಆಳದಲ್ಲಿಲ್ಲ. ಆ ದುಃಖವನ್ನು ಯಾರು ಎದುರುಗೊಂಡರು ಎಂಬುದರಲ್ಲಿದೆ.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು ದುಃಖವನ್ನು ಎರಡಾಗಿ ವಿಂಗಡಿಸಿದ. ದೇವರ ಮನಸ್ಸಿಗೆ ಒಪ್ಪುವ ದುಃಖ ಮನುಷ್ಯನನ್ನು ತಿರುಗಿಸುತ್ತದೆ, ಲೋಕದ ದುಃಖ ಸಾಯಿಸುತ್ತದೆ. ಮುಂದಿನ ಚರ್ಚೆಯೆಲ್ಲ ಈ ವಿಂಗಡಣೆಯ ಮೇಲೆ ನಿಂತಿದೆ. ನನ್ನದು ಯಾವ ದುಃಖವೆಂದು ಗೊತ್ತುಮಾಡಿಕೊಳ್ಳುವ ಬಗೆ ಮಾತ್ರ ಎಲ್ಲರಿಗೂ ತೊಡಕಾಯಿತು.

ಸಭೆಯ ಬಾಗಿಲಲ್ಲಿ ನಿಂತವರು

ಮೊದಲ ದೊಡ್ಡ ಪರೀಕ್ಷೆ ಬಂದದ್ದು ಕ್ರಿ.ಶ. 250ರ ಸುಮಾರಿಗೆ. ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪತ್ರ ಪಡೆಯಬೇಕೆಂದು ಚಕ್ರವರ್ತಿ ಡೀಸಿಯಸ್ ಆಜ್ಞೆ ಹೊರಡಿಸಿದ. ಅಂಥ ಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಬಲಿ ಕೊಟ್ಟೋ, ಹಣ ಕೊಟ್ಟು ಪತ್ರ ಕೊಂಡೋ ಜೀವ ಉಳಿಸಿಕೊಂಡ ಕ್ರೈಸ್ತರು ಕಾಲ ತಿಳಿಯಾದ ಮೇಲೆ ಸಭೆಯ ಬಾಗಿಲಿಗೆ ಮರಳಿದರು. ಅವರನ್ನು ಒಳಗೆ ಸೇರಿಸಿಕೊಳ್ಳುವ ಅಧಿಕಾರ ಸಭೆಗಿಲ್ಲ ಎಂದು ರೋಮಿನ ನೊವೇಷಿಯನ್ ಪಟ್ಟುಹಿಡಿದು 251ರಲ್ಲಿ ಬೇರೆ ಗುಂಪು ಕಟ್ಟಿದ. ದೀರ್ಘ ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳಬಹುದು ಎಂದವನು ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಕಿರುಕುಳದ ವೇಳೆಯಲ್ಲಿ ತಾನೂ ತಲೆಮರೆಸಿಕೊಂಡಿದ್ದವನು ಆತ, 258ರಲ್ಲಿ ಹುತಾತ್ಮನಾದ. ಸಭೆ ಸಿಪ್ರಿಯನ್‌ನ ದಾರಿಯನ್ನೇ ಹಿಡಿಯಿತು.

ಆ ಕಾಲದ ಪ್ರಾಯಶ್ಚಿತ್ತ ಸಾರ್ವಜನಿಕವಾಗಿತ್ತು. 6ನೇ ಶತಮಾನದ ಹೊತ್ತಿಗೆ ಐರ್ಲೆಂಡಿನ ಸನ್ಯಾಸಿಗಳು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಳ್ಳುವ, ಮತ್ತೆ ಮತ್ತೆ ಮಾಡಬಹುದಾದ ಪಾಪನಿವೇದನೆಯನ್ನು ಬೆಳೆಸಿದರು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು. ಹಳಹಳಿಯ ಮಟ್ಟಿಗೆ ಇದು ದೊಡ್ಡ ಉಪಕಾರ. ಹೇಳಲಾಗದ್ದನ್ನು ಹೇಳಲು ಒಂದು ಜಾಗ, ಕೇಳಲು ಒಬ್ಬ ಮನುಷ್ಯ, ಮಾಡಲು ಒಂದು ಕೆಲಸ, ಕೊನೆಗೆ ಒಂದು ಖಚಿತ ಮಾತು. ತಪಸ್ಸುಕಾಲದ ಕೊನೆಯ ವಾರ ಮಂಗಳೂರಿನ ಯಾವುದೇ ಚರ್ಚಿನಲ್ಲಿ ಪಾಪನಿವೇದನೆಗೆ ಸಾಲುಗಟ್ಟಿ ನಿಂತವರ ಮುಖ ನೋಡಿದರೆ, ಈ ಏರ್ಪಾಡು ಎಂಟುನೂರು ವರ್ಷ ಏಕೆ ಉಳಿಯಿತೆಂದು ಯಾರೂ ವಿವರಿಸಬೇಕಾಗಿಲ್ಲ.

ಅಳುಕಿನವರಿಗೆ ಇದೇ ಏರ್ಪಾಡು ಬಲೆಯಾಯಿತು.

ಎಷ್ಟು ಹೇಳಿದರೂ ಸಾಲದು

6ನೇ ಶತಮಾನದ ಕೊನೆಯಲ್ಲಿ ಗ್ರೆಗೋರಿಯಾ ಎಂಬ ರಾಜಮನೆತನದ ಪರಿಚಾರಿಕೆ ಪೋಪ್ ಮಹಾ ಗ್ರೆಗರಿಗೆ ಪತ್ರ ಬರೆದಳು. ತನ್ನ ಪಾಪಗಳು ಕ್ಷಮೆಯಾದವೆಂದು ದೇವರಿಂದ ದರ್ಶನವಾಯಿತು ಎಂದು ನೀವು ಹೇಳುವವರೆಗೆ ಬಿಡುವುದಿಲ್ಲವೆಂದು ಅವಳ ಹಟ. ಹಾಗೆ ತಿಳಿಯುವುದು ಕಷ್ಟ, ತಿಳಿದು ಪ್ರಯೋಜನವೂ ಇಲ್ಲ, ಪೂರ್ತಿ ನಿಶ್ಚಿಂತೆ ಮನುಷ್ಯನನ್ನು ಅಜಾಗರೂಕನಾಗಿಸುತ್ತದೆ ಎಂದು ಗ್ರೆಗರಿ ಉತ್ತರಿಸಿದ. ಕೆಲವರಿಗೆ ಇದು ಒಳ್ಳೆಯ ಮಾತು. ಆ ಹೆಂಗಸಿಗೆ ಅದರಿಂದ ಎಷ್ಟು ನೆಮ್ಮದಿ ಸಿಕ್ಕಿರಬಹುದೆಂದು ನಾನು ಹಲವು ಸಲ ಯೋಚಿಸಿದ್ದೇನೆ.

1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇಗ್ನೇಷಿಯಸ್ ಲೊಯೋಲಾ ಇದೇ ಬಲೆಗೆ ಬಿದ್ದ. ಜೀವಮಾನದ ಪಾಪಗಳನ್ನೆಲ್ಲ ಬರೆದು ನಿವೇದಿಸಿದ್ದರೂ ಏನೋ ಬಿಟ್ಟುಹೋಗಿದೆ ಎಂಬ ಶಂಕೆ ಹೋಗಲಿಲ್ಲ. ತೀರ ಸ್ಪಷ್ಟವಾದದ್ದು ಇದ್ದರಷ್ಟೇ ಹಳೆಯದನ್ನು ಹೇಳು ಎಂದು ಗುರು ಅಪ್ಪಣೆ ಕೊಟ್ಟರೆ, ಅವನಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿದ್ದವು. ಪ್ರಾಣ ಕಳೆದುಕೊಳ್ಳುವ ಯೋಚನೆ ಬಂತು. ಒಂದು ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಅನ್ನ ನೀರು ಬಿಟ್ಟ. ಉಪವಾಸ ಮುರಿಯಬೇಕೆಂದು ಗುರು ಆಜ್ಞಾಪಿಸಿದಾಗ ಮುರಿದ. ಎರಡು ದಿನ ನೆಮ್ಮದಿ, ಮತ್ತೆ ಅದೇ ಶಂಕೆ. ಹಳೆಯ ಪಾಪಗಳನ್ನು ಇನ್ನು ಎಂದೂ ನಿವೇದಿಸುವುದಿಲ್ಲ ಎಂಬ ಗಟ್ಟಿ ನಿರ್ಧಾರ ಮಾಡಿದ ಮೇಲೆ ಅವನು ಬಿಡುಗಡೆ ಕಂಡ. ಪಾಪನಿವೇದನೆ ಅವನನ್ನು ಗುಣಪಡಿಸಲಿಲ್ಲ, ಅದನ್ನು ನಿಲ್ಲಿಸಿದ್ದು ಗುಣಪಡಿಸಿತು. ಈ ಅನುಭವದಿಂದಲೇ ಅವನ 'ಆಧ್ಯಾತ್ಮಿಕ ಸಾಧನೆ'ಯಲ್ಲಿ ಅತಿಶಂಕೆಯ ಬಗ್ಗೆ ಟಿಪ್ಪಣಿಗಳು ಸೇರಿದವು. ಮನಸ್ಸು ಕತ್ತಲಲ್ಲಿರುವಾಗ ಹಿಂದೆ ಮಾಡಿದ ನಿರ್ಧಾರಗಳನ್ನು ಬದಲಿಸಬೇಡ ಎಂಬ ಅವನ ಇನ್ನೊಂದು ಸೂತ್ರ ಇಂದಿಗೂ ಅವನು ಕಟ್ಟಿದ ಯೇಸುಸಭೆಯವರ ಧ್ಯಾನಕೂಟಗಳಲ್ಲಿ ಬಳಕೆಯಲ್ಲಿದೆ. ಎರಡು ಶತಮಾನದ ನಂತರದ ಆಲ್ಫಾನ್ಸಸ್ ಲಿಗೋರಿಯೂ ಈ ಬೇನೆಯನ್ನು ಸ್ವತಃ ಉಂಡವನು. ಅತಿಶಂಕೆಯವರು ತಮ್ಮ ಮನಸ್ಸಿನ ತೀರ್ಪನ್ನು ಬದಿಗಿಟ್ಟು ಒಬ್ಬ ಗುರುವಿನ ಮಾತಿಗೆ ಕಟ್ಟುಬೀಳಬೇಕು ಎಂಬುದು ಈ ಪರಂಪರೆಯ ಒಟ್ಟು ಸಲಹೆ. ಗುರು ಒಳ್ಳೆಯವನಾಗಿದ್ದರೆ ಅದು ಬಿಡುಗಡೆ. ಅಲ್ಲದಿದ್ದರೆ ಒಬ್ಬರ ಮನಸ್ಸನ್ನು ಮತ್ತೊಬ್ಬರ ಕೈಗೆ ಕೊಟ್ಟಂತೆ. ಈ ಅಪಾಯವನ್ನು ಕ್ಯಾಥೋಲಿಕ್ ಬರಹಗಾರರು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

ಲೂಥರನ ತಿರುವು ಮತ್ತು ನಿಶ್ಚಯದ ಹುಡುಕಾಟ

ಎರ್ಫುರ್ಟಿನ ಮಠ ಸೇರಿದ್ದ ಮಾರ್ಟಿನ್ ಲೂಥರನೂ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ತನ್ನ ಹಿರಿಯ ಸ್ಟೌಪಿಟ್ಸ್‌ನನ್ನು ದಣಿಸುತ್ತಿದ್ದ. ಅವನು ಕಂಡುಕೊಂಡ ದಾರಿ ಬೇರೆ. ನೆಮ್ಮದಿಯನ್ನು ನಿನ್ನೊಳಗೆ ಹುಡುಕಬೇಡ, ಅಲ್ಲಿ ಅದಿಲ್ಲ. ಹೊರಗಿನಿಂದ ಬರುವ ದೇವರ ವಾಗ್ದಾನವನ್ನು ಹಿಡಿ. ನಂಬಿದವನು ಏಕಕಾಲಕ್ಕೆ ಪಾಪಿಯೂ ಹೌದು, ನೀತಿವಂತನೂ ಹೌದು. ಹಾಗಾದರೆ ತನ್ನೊಳಗೆ ಪಾಪ ಕಂಡಾಕ್ಷಣ ಕ್ಷಮೆ ಸುಳ್ಳಾಗುವುದಿಲ್ಲ. ಒಂದು ವಿಷಯವನ್ನು ನಮ್ಮ ಪ್ರಾಟೆಸ್ಟೆಂಟರು ಮರೆತಿದ್ದಾರೆ: ಲೂಥರ್ ಖಾಸಗಿ ಪಾಪನಿವೇದನೆಯನ್ನು ಕಡ್ಡಾಯದಿಂದ ಬಿಡಿಸಿದನೇ ಹೊರತು ತೆಗೆದುಹಾಕಲಿಲ್ಲ. ಕ್ಷಮೆಯ ಮಾತು ಇನ್ನೊಬ್ಬರ ಬಾಯಿಂದ ಕಿವಿಗೆ ಬೀಳಬೇಕೆಂಬುದು ಅವನಿಗೆ ಮುಖ್ಯವಾಗಿತ್ತು. 1530ರಲ್ಲಿ ತನ್ನ ಮಕ್ಕಳ ಮನೆಪಾಠದ ಮೇಷ್ಟ್ರು ಜೆರೋಮ್ ವೆಲ್ಲರ್ ಖಿನ್ನನಾದಾಗ, ಒಂಟಿಯಾಗಿರಬೇಡ, ಜನರ ಜೊತೆ ಸೇರು, ನಗು, ಸೈತಾನನ ಜೊತೆ ವಾದಕ್ಕೆ ಕೂರಬೇಡ ಎಂದು ಬರೆದ. ಅಳುಕಿನೊಂದಿಗೆ ವಾದ ಮಾಡಿ ಗೆದ್ದವರಿಲ್ಲ ಎಂಬುದನ್ನು ಅವನು ಮೈಮೇಲೆ ತಂದುಕೊಂಡು ಕಲಿತಿದ್ದ.

ಕ್ಯಾಲ್ವಿನ್ ನಂಬಿಕೆಯೆಂದರೆ ದೇವರ ಒಲವಿನ ದೃಢವಾದ ಅರಿವು ಎಂದ, ನಂಬುವವರು ಸಂಶಯದ ಜೊತೆ ಸೆಣಸುತ್ತಲೇ ಇರುತ್ತಾರೆಂದೂ ಒಪ್ಪಿದ. ಆದರೆ ದೇವರು ಕೆಲವರನ್ನು ಮೊದಲೇ ಆರಿಸಿಕೊಂಡಿದ್ದಾನೆ ಎಂಬ ಬೋಧನೆ ಇಂಗ್ಲೆಂಡಿನ ಪ್ಯೂರಿಟನ್ನರ ಕೈಗೆ ಬಂದಾಗ ಪ್ರಶ್ನೆ ಮತ್ತೆ ಒಳಮುಖವಾಯಿತು. ಆ ಆಯ್ದವರಲ್ಲಿ ನಾನಿದ್ದೇನೆಯೇ? ಕೇಂಬ್ರಿಜಿನ ವಿಲಿಯಂ ಪರ್ಕಿನ್ಸ್ 1592ರಲ್ಲಿ ಈ ಒಂದು ಪ್ರಶ್ನೆಗೇ ಪುಸ್ತಕ ಬರೆದ. ಜನ ದಿನಚರಿ ಇಟ್ಟು ತಮ್ಮ ಹೃದಯದಲ್ಲಿ ಗುರುತುಗಳನ್ನು ಹುಡುಕಿದರು. 1666ರ ತನ್ನ ಆತ್ಮಕಥೆಯಲ್ಲಿ ಜಾನ್ ಬನ್ಯನ್, ಕ್ರಿಸ್ತನನ್ನು ಮಾರಿಬಿಡು ಎಂಬ ದನಿ ತಲೆಯೊಳಗೆ ಬಿಡದೆ ಕಾಡಿದ್ದನ್ನು ದಾಖಲಿಸಿದ. 1646ರ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ಪ್ರಕಟಣೆ ಜಾಣತನದ ಒಂದು ಸಡಿಲಿಕೆ ಕೊಟ್ಟಿತು: ನಿಶ್ಚಯ ನಂಬಿಕೆಯ ತಿರುಳಲ್ಲ, ನಿಜವಾದ ವಿಶ್ವಾಸಿಯೂ ಅದಕ್ಕಾಗಿ ಬಹುಕಾಲ ಕಾಯಬೇಕಾಗಬಹುದು. ನಿಶ್ಚಯವಿಲ್ಲದವರನ್ನು ನಂಬಿಕೆಯಿಲ್ಲದವರೆಂದು ಕರೆಯುವುದನ್ನು ಇದು ತಡೆಯಿತು.

ಜಾನ್ ವೆಸ್ಲಿ ಇದಕ್ಕೆ ತೃಪ್ತನಾಗಲಿಲ್ಲ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಎದೆ ಬೆಚ್ಚಗಾದ ಅನುಭವ ಪಡೆದ ಆತ, ಕ್ಷಮೆ ಒಳಗೆ ಅನುಭವಕ್ಕೆ ಬರಬೇಕೆಂದು ಬೋಧಿಸಿದ. ಅದೇ ವೆಸ್ಲಿ 1766ರಲ್ಲಿ, ಸಾವಿರಾರು ಜನರನ್ನು ಆ ದಾರಿಗೆ ತಂದ ಮೇಲೆ, ತಾನು ದೇವರನ್ನು ಎಂದಾದರೂ ಪ್ರೀತಿಸಿದ್ದೆನೇ ಎಂಬ ಶಂಕೆಯನ್ನು ತಮ್ಮ ಚಾರ್ಲ್ಸ್‌ಗೆ ಬರೆದ. ಅನುಭವವನ್ನೇ ಆಧಾರವಾಗಿಟ್ಟುಕೊಂಡರೆ ಅನುಭವ ಒಣಗಿದ ದಿನ ಏನು ಮಾಡಬೇಕು? ಇಂದಿನ ಪೆಂತೆಕೊಸ್ತ್ ಸಭೆಗಳ ಎದುರಿಗೂ ಇದೇ ಪ್ರಶ್ನೆ ನಿಂತಿದೆ.

ಓಲ್ನಿಯ ಇಬ್ಬರು ಗೆಳೆಯರು

ಇಷ್ಟೆಲ್ಲ ವಾದಗಳಿಗಿಂತ ಹೆಚ್ಚನ್ನು ಇಂಗ್ಲೆಂಡಿನ ಓಲ್ನಿ ಎಂಬ ಊರಿನ ಇಬ್ಬರ ಬದುಕು ಹೇಳುತ್ತದೆ. ಜಾನ್ ನ್ಯೂಟನ್ ಅಲ್ಲಿ 1764ರಿಂದ ಪಾದ್ರಿ. ಕವಿ ವಿಲಿಯಂ ಕೂಪರ್ 1767ರಲ್ಲಿ ಅಲ್ಲಿಗೆ ಬಂದು ನೆಲೆಸಿದ. ಇಬ್ಬರೂ ಸೇರಿ ಬರೆದ 'ಓಲ್ನಿ ಹಿಮ್ಸ್' ಎಂಬ ಕೀರ್ತನೆಗಳ ಪುಸ್ತಕ 1779ರಲ್ಲಿ ಹೊರಬಂತು. 'ಅಮೇಜಿಂಗ್ ಗ್ರೇಸ್' ಅದರಲ್ಲಿದೆ.

ನ್ಯೂಟನ್ ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳ ಕಪ್ತಾನನಾಗಿದ್ದವನು. 1748ರ ಮಾರ್ಚಿನ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟು ಮನಸ್ಸು ತಿರುಗಿಸಿದ ಎಂದು ಎಲ್ಲರೂ ಹೇಳುತ್ತಾರೆ. ಕಪ್ತಾನನಾಗಿ ಗುಲಾಮರನ್ನು ಸಾಗಿಸಿದ್ದು ಅದರ ನಂತರ ಎಂಬುದನ್ನು ಕಡಿಮೆ ಜನ ಹೇಳುತ್ತಾರೆ. 1754ರಲ್ಲಿ ಅವನು ಸಮುದ್ರ ಬಿಟ್ಟದ್ದು ಕಾಯಿಲೆಯಿಂದ, ಪಶ್ಚಾತ್ತಾಪದಿಂದಲ್ಲ. 1764ರ ಆತ್ಮಕಥೆಯಲ್ಲಿ ದುರ್ನಡತೆ, ದೇವನಿಂದೆಗಳ ಬಗ್ಗೆ ಕಣ್ಣೀರಿದೆ, ಸಂಕೋಲೆಯಲ್ಲಿದ್ದ ಜನರ ಬಗ್ಗೆ ಅಂಥ ಕಣ್ಣೀರಿಲ್ಲ. ಗುಲಾಮ ವ್ಯಾಪಾರದ ಬಗ್ಗೆ ಅವನು ಬಹಿರಂಗವಾಗಿ ಬರೆದದ್ದು 1788ರಲ್ಲಿ. ತಡವಾಗಿ ಬಂದ ತಪ್ಪೊಪ್ಪಿಗೆಯೆಂದು ತಾನೇ ಹೇಳಿಕೊಂಡು ಹಡಗಿನ ಒಳಗಿನ ಸ್ಥಿತಿಯನ್ನು ವಿವರಿಸಿದ, ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದ, ಆ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಬೆನ್ನಾಗಿ ನಿಂತ. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ತೀರಿಕೊಂಡ. ಕೃಪೆಯ ನಿಶ್ಚಯ ಮೊದಲು ಬಂತು, ನಿಜವಾದ ಹಳಹಳಿ ದಶಕಗಳ ಬಳಿಕ ಬಂತು. ನಿಶ್ಚಯ ಇದ್ದುದರಿಂದಲೇ ಅಂಥ ಭೂತಕಾಲವನ್ನು ನೋಡುವ ಧೈರ್ಯ ಬಂತು ಎನ್ನುವವರಿದ್ದಾರೆ. ಆ ನಿಶ್ಚಯವೇ ಅಷ್ಟು ವರ್ಷ ಅವನ ಕಣ್ಣು ಮುಚ್ಚಿತ್ತು ಎನ್ನುವವರೂ ಇದ್ದಾರೆ. ಎರಡೂ ನಿಜವೆಂದು ನನಗೆ ತೋರುತ್ತದೆ.

ಕೂಪರ್ ಯಾರಿಗೂ ಕೇಡು ಬಗೆದವನಲ್ಲ. 1763ರಲ್ಲಿ ತೀವ್ರ ಖಿನ್ನತೆಗೆ ಬಿದ್ದು ಚೇತರಿಸಿಕೊಂಡು ಗಾಢ ವಿಶ್ವಾಸಿಯಾದ. 1773ರಲ್ಲಿ ಮತ್ತೆ ಕುಸಿದ. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟಿದ್ದಾನೆಂಬ ನಂಬಿಕೆ 1800ರಲ್ಲಿ ಸಾಯುವವರೆಗೆ ಬಹುಮಟ್ಟಿಗೆ ಬಿಡಲಿಲ್ಲ. ನ್ಯೂಟನ್ ಅವನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡ. ಒಂದೇ ಊರು, ಒಂದೇ ಬೋಧನೆ, ಒಂದೇ ಹಾಡಿನ ಪುಸ್ತಕ. ಘೋರ ಅಪರಾಧ ಎಸಗಿದವನಿಗೆ ನಿಶ್ಚಯ, ಏನೂ ಮಾಡದವನಿಗೆ ನರಕದ ಭಯ. ಕೃಪೆಯ ಬೋಧನೆಯನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಅಳುಕು ತಾನಾಗಿ ಹೋಗುತ್ತದೆ ಎನ್ನುವವರು ಕೂಪರ್‌ನ ಕಥೆಗೆ ಉತ್ತರ ಕೊಡಬೇಕು. ಅವನಿಗೆ ಬೇಕಾಗಿದ್ದದ್ದು ಹೆಚ್ಚಿನ ಬೋಧನೆಯಲ್ಲ.

ಅಗ್ಗದ ಕೃಪೆಯೂ ಒಪ್ಪಿಗೆಯ ಮಾತೂ

20ನೇ ಶತಮಾನದ ಇಬ್ಬರು ಜರ್ಮನರು ಎರಡು ತುದಿಗಳನ್ನು ಹಿಡಿದರು. 1937ರಲ್ಲಿ ಡೀಟ್ರಿಚ್ ಬೊನ್‌ಹಾಫರ್, ಶಿಷ್ಯತ್ವವನ್ನು ಕೇಳದೆ ಹಂಚುವ ಕ್ಷಮೆಯನ್ನು ಅಗ್ಗದ ಕೃಪೆಯೆಂದು ಕರೆದು ಖಂಡಿಸಿದ. ಪಾಲ್ ಟಿಲಿಕ್ 1948ರ ಪ್ರಸಂಗ ಸಂಗ್ರಹದಲ್ಲಿ, ನಿನ್ನನ್ನು ಒಪ್ಪಿಕೊಂಡಾಗಿದೆ ಎಂಬುದನ್ನು ಒಪ್ಪಿಕೋ, ಸದ್ಯಕ್ಕೆ ಬೇರೇನೂ ಮಾಡಬೇಡ ಎಂದ. ತಪ್ಪು ಮಾಡಿ ನಿಶ್ಚಿಂತನಾಗಿರುವವನಿಗೆ ಬೊನ್‌ಹಾಫರ್ ಬೇಕು, ತಪ್ಪಿಲ್ಲದೆ ನವೆಯುವವನಿಗೆ ಟಿಲಿಕ್ ಬೇಕು. ಬೊನ್‌ಹಾಫರ್ ಸ್ವತಃ 1944ರಲ್ಲಿ ಸೆರೆಮನೆಯಲ್ಲಿದ್ದಾಗ, ಇತರರು ಕಾಣುವ ಧೀರ ತಾನೋ ಒಳಗೆ ನಡುಗುವವನು ತಾನೋ ಎಂದು ಕೇಳಿಕೊಂಡು ಒಂದು ಕವಿತೆ ಬರೆದ. ಆ ಪ್ರಶ್ನೆಯನ್ನು ತಾನು ಬಿಡಿಸದೆ ದೇವರಿಗೆ ಒಪ್ಪಿಸಿದ. ಮದರ್ ತೆರೇಸಾ ದಶಕಗಳ ಕಾಲ ಅನುಭವಿಸಿದ ಒಳಗಿನ ಕತ್ತಲೆ 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಆ ಕತ್ತಲಲ್ಲೂ ಅವರು ಕೆಲಸ ನಿಲ್ಲಿಸಿರಲಿಲ್ಲ.

ಮನಶ್ಶಾಸ್ತ್ರ ಸೇರಿಸಿದ್ದು

ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿಯವರ ಸಂಶೋಧನೆ ನಾನು ಮೊದಲಲ್ಲೇ ಮಾಡಿದ ವಿಂಗಡಣೆಗೆ ಹತ್ತಿರವಾದದ್ದು. ಮಾಡಿದ ಕೃತ್ಯದ ಬಗ್ಗೆ ಹುಟ್ಟುವ ತಪ್ಪಿತಸ್ಥ ಭಾವ ಸರಿಪಡಿಸುವ ಕಡೆಗೆ ನೂಕುತ್ತದೆ, ತಾನೇ ಕೆಟ್ಟವನೆಂಬ ನಾಚಿಕೆ ಅಡಗಿಕೊಳ್ಳುವ, ಇತರರನ್ನು ದೂರುವ ಕಡೆಗೆ ನೂಕುತ್ತದೆ. ಕೆನೆತ್ ಪರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಆಸ್ಪತ್ರೆಯಲ್ಲಿದ್ದ 55 ವರ್ಷ ಮೇಲ್ಪಟ್ಟ 596 ರೋಗಿಗಳನ್ನು ಎರಡು ವರ್ಷ ಗಮನಿಸಿತು. ದೇವರು ತನ್ನನ್ನು ಕೈಬಿಟ್ಟಿದ್ದಾನೆ, ದಂಡಿಸುತ್ತಿದ್ದಾನೆ ಎಂಬ ತೊಳಲಾಟದಲ್ಲಿದ್ದವರಲ್ಲಿ ಸಾವಿನ ಸಂಭವ ಸ್ವಲ್ಪ ಹೆಚ್ಚಾಗಿತ್ತು. ನಂಬಿಕೆ ತನ್ನಷ್ಟಕ್ಕೆ ಸಾಂತ್ವನವಲ್ಲ, ಯಾವ ದೇವರನ್ನು ನಂಬುತ್ತೇವೆ ಎಂಬುದು ಮುಖ್ಯ.

ಇಗ್ನೇಷಿಯಸ್‌ನನ್ನು ಕಾಡಿದಂಥ ಅತಿಶಂಕೆಯನ್ನು ವೈದ್ಯರು ಇಂದು ಗೀಳು ಕಾಯಿಲೆಯ ಒಂದು ರೂಪವೆಂದು ಗುರುತಿಸುತ್ತಾರೆ. ಮತ್ತೆ ಮತ್ತೆ ಪಾಪನಿವೇದನೆ ಮಾಡುವುದು, ಕ್ಷಮೆಯಾಯಿತೇ ಎಂದು ಕೇಳುವುದು ಇಲ್ಲಿ ಕೈತೊಳೆಯುವ ಗೀಳಿನಂತೆಯೇ ಕೆಲಸ ಮಾಡುತ್ತದೆ. ಆ ಆಸೆಯನ್ನು ಈಡೇರಿಸದೆ ಶಂಕೆಯನ್ನು ಸಹಿಸಲು ಕಲಿಸುವುದು ಚಿಕಿತ್ಸೆಯ ಕ್ರಮ. ಮನ್ರೇಸಾದಲ್ಲಿ ಅವನು ತಾನಾಗಿ ಕಂಡುಕೊಂಡದ್ದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ತನ್ನನ್ನು ತಾನು ಕ್ಷಮಿಸಿಕೊಳ್ಳುವುದರ ಬಗ್ಗೆ ಮಾತ್ರ ಬಿಸಿ ವಾದವಿದೆ. ಅಮೆರಿಕದ ಕ್ರೈಸ್ತ ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್ಟನ್ನರ ತಾಯಿಯನ್ನು ಮನೆಗೆ ನುಗ್ಗಿದವನು ಕೊಂದ. ತಾಯಿಯ ಶವವನ್ನು ಮೊದಲು ಕಂಡ ತಮ್ಮ 2005ರಲ್ಲಿ ಪ್ರಾಣ ಕಳೆದುಕೊಂಡ. ಕೊಲೆಗಾರನನ್ನು ಕ್ಷಮಿಸಿದ್ದ ವರ್ದಿಂಗ್ಟನ್ನರಿಗೆ, ತಮ್ಮನಿಗೆ ನೆರವಾಗದ ತನ್ನನ್ನು ಕ್ಷಮಿಸುವುದು ಕಷ್ಟವಾಯಿತು. 2013ರ ಅವರ ಪುಸ್ತಕ ದೇವರ ಬಳಿ ಹೋಗುವುದನ್ನೂ, ಕೆಟ್ಟ ಸಂಬಂಧಗಳನ್ನು ಸರಿಪಡಿಸುವುದನ್ನೂ ಮೊದಲ ಹೆಜ್ಜೆಗಳಲ್ಲಿಟ್ಟು, ತನಗೆ ತಾನು ಕ್ಷಮೆ ಹೇಳಿಕೊಳ್ಳುವುದನ್ನು ಅವುಗಳ ನಂತರಕ್ಕೆ ಇಡುತ್ತದೆ. ಕ್ಷಮಿಸುವ ಹಕ್ಕು ದೇವರಿಗೂ ನೊಂದವರಿಗೂ ಸೇರಿದ್ದು, ತಪ್ಪಿತಸ್ಥನಿಗಲ್ಲ ಎಂದು ಅನೇಕ ದೇವಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಕ್ರಮ ಸರಿಯಿರುವವರೆಗೆ ವರ್ದಿಂಗ್ಟನ್ನರ ಪಕ್ಷ ನನ್ನದು.

ನಮ್ಮ ನೆಲದಲ್ಲಿ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಅನೇಕರು ವ್ಯುರ್ಟೆಂಬರ್ಗಿನ ಪಯಟಿಸ್ಟ್ ಹಿನ್ನೆಲೆಯವರು. ಅಂತರಂಗದ ಪರೀಕ್ಷೆ, ಪಾಪದ ಅರಿವು, ಹೃದಯದ ಪರಿವರ್ತನೆ ಅವರ ಧರ್ಮದ ಜೀವಾಳ. ಬನ್ಯನ್ ಬರೆದ ಯಾತ್ರಿಕನೊಬ್ಬನ ರೂಪಕ ಕಥೆಯನ್ನು ಅವರು 19ನೇ ಶತಮಾನದಲ್ಲೇ 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೆ ತಂದರು. ನಿರಾಶೆಯ ಕೆಸರಿನಲ್ಲಿ ಹೂತುಹೋಗುವ ಯಾತ್ರಿಕ ಹೀಗೆ ಕನ್ನಡ ಓದುಗರಿಗೆ ಪರಿಚಯವಾದ. ಕರಾವಳಿಯ ಕ್ಯಾಥೋಲಿಕರಲ್ಲಿ ಪಾಪನಿವೇದನೆಯ ಪರಂಪರೆ ಅದಕ್ಕಿಂತ ಎಷ್ಟೋ ಹಳೆಯದು. ಹೀಗೆ ಒಂದೇ ಊರಿನಲ್ಲಿ ಹೇಳಿ ಹಗುರಾಗುವ ದಾರಿಯೂ ಒಳಗೆ ನೋಡಿ ತಿರುಗುವ ದಾರಿಯೂ ಅಕ್ಕಪಕ್ಕ ಬೆಳೆದವು.

ಬಗೆಹರಿಯದೆ ಉಳಿದದ್ದು

ನಿಶ್ಚಯವೆಂದರೆ ಅನುಭವವೋ ವಾಗ್ದಾನದ ಮೇಲಿನ ಹಿಡಿತವೋ ಎಂಬುದರಲ್ಲಿ ಪಂಗಡಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಸೂಕ್ಷ್ಮ ಮನಸ್ಸಾಕ್ಷಿ ಎಲ್ಲಿ ಮುಗಿದು ಕಾಯಿಲೆ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನೂ ಯಾರೂ ಖಚಿತವಾಗಿ ಎಳೆದಿಲ್ಲ. ಮೇಲೆ ಹೇಳಿದ ಅಧ್ಯಯನಗಳು ಅಮೆರಿಕದವು. ಕುಟುಂಬ, ಜಾತಿ, ಊರಿನ ಮರ್ಯಾದೆಗಳ ನಡುವೆ ಬದುಕುವ ನಮ್ಮ ಕ್ರೈಸ್ತರ ನಾಚಿಕೆಗೆ ಅವು ಎಷ್ಟು ಹೊಂದುತ್ತವೆ ಎಂಬುದು ತೆರೆದ ಪ್ರಶ್ನೆ.

ಎಲ್ಲಕ್ಕಿಂತ ಕಠಿಣವಾದದ್ದು ನೊಂದವರ ಪಾಲು. ದೇವರು ಕ್ಷಮಿಸಿದ ಎಂದವನನ್ನು ನೊಂದವರೂ ಕ್ಷಮಿಸಲೇಬೇಕೇ? 1995ರಲ್ಲಿ ಮಧ್ಯಪ್ರದೇಶದಲ್ಲಿ ಸಿಸ್ಟರ್ ರಾಣಿ ಮರಿಯಾ ಅವರನ್ನು ಬಸ್ಸಿನಲ್ಲಿ ಇರಿದು ಕೊಂದವನಿಗೆ ಅವರ ತಂಗಿ 2002ರಲ್ಲಿ ಜೈಲಿಗೆ ಹೋಗಿ ರಾಖಿ ಕಟ್ಟಿದರು. 2006ರಲ್ಲಿ ಬಿಡುಗಡೆಯಾದ ಆತ ಆ ಕುಟುಂಬದ ಒಬ್ಬನಂತಾದ. ಇದು ನಡೆಯಿತು, ಆದರೆ ಇದನ್ನು ಯಾರಿಂದಲೂ ಹಕ್ಕಿನಿಂದ ಕೇಳಲಾಗದು. ನ್ಯೂಟನ್‌ನ ಹಡಗಿನಲ್ಲಿ ಬಂದವರನ್ನಂತೂ ಯಾರೂ ಕೇಳಲೇ ಇಲ್ಲ. ತಪ್ಪಿತಸ್ಥನಿಗೂ ದೇವರಿಗೂ ನಡುವಿನ ಲೆಕ್ಕ ತೀರಿದರೆ ಸಾಕು ಎಂಬ ದೇವಶಾಸ್ತ್ರ ಇಲ್ಲಿ ಸೋಲುತ್ತದೆ.

ಸಭಾಪಾಲಕರಲ್ಲಿ, ಗುರುಗಳಲ್ಲಿ ನನ್ನದೊಂದು ವಿನಂತಿ. ಬಳಲಿ ಬಂದವರಿಗೆ ವಾಕ್ಯ ಓದಿ ಹೇಳುವ ಮೊದಲು, ಅವರು ಮಾಡಿದ ಒಂದು ಕೆಲಸಕ್ಕಾಗಿ ಅಳುತ್ತಿದ್ದಾರೋ ತಾವು ಇರುವುದಕ್ಕೇ ಅಳುತ್ತಿದ್ದಾರೋ ಕೇಳಿ ತಿಳಿಯಿರಿ. ಮೊದಲನೆಯವರ ಜೊತೆ ನೊಂದವರ ಮನೆಬಾಗಿಲಿಗೆ ಹೋಗಲು ಸಿದ್ಧರಾಗಿ. ಎರಡನೆಯವರನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರ ಬಳಿಗೂ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.